ಮನಿ ಸಾಮಾನು ಎಲ್ಲಿಗೆ ಹೊಂಟದ? ಕಲಬುರಗಿ, ಬೀದರ್, ಯಾದಗಿರಿ ಮಂದಿ ಹೇಳ್ರಿ

ಕೆಎ32_ಐಷರ್ (ಕಲಬುರಗಿ) ಕೇಳಿದ್ದು:

ಎಲ್ಲರಿಗೂ ಶರಣು.

ಕಲಬುರಗಿಯಾಗ ಮನಿ ಸಾಮಾನು ಶಿಫ್ಟ್ ಮಾಡೋದು ನನ್ನ ದಂಧೆ. ಒಂದು ಐಷರ್ ಗಾಡಿ ಅದ, ಖಾಯಂ ಹಮಾಲರು ನಾಕು ಮಂದಿ ಇದ್ದಾರ, ಹುಮನಾಬಾದ್ ಬೇಸ್ ಕಡಿ ನಿಂತಿರ್ತೀವಿ. ಈಗ ಇನ್ನೊಂದು ಗಾಡಿ ತಗೋಬೇಕಂತ ಮಾಡೀನಿ. ದೊಡ್ಡದು ತಗೊಂಡು ಬೆಂಗಳೂರು ಲೈನಿಗೆ ಹಾಕಲೋ, ಹೈದರಾಬಾದ್ ಲೈನಿಗೆ ಹಾಕಲೋ, ಇಲ್ಲಾ ಸಣ್ಣ ಗಾಡಿ ತಗೊಂಡು ಇಲ್ಲೇ ಸುತ್ತಮುತ್ತ ಓಡಿಸಲೋ ತಿಳೀವಲ್ದು. ಸಾಲ ಮಾಡಿ ಗಾಡಿ ತಗೊಳ್ಳೋದು, ಅದಕ್ಕ ನಮ್ಮ ಕಡಿ ಮಂದಿ ಖರೇನೇ ಎಲ್ಲಿಗೆ ಹೊಂಟಾರ, ಯಾಕ ಹೊಂಟಾರ ಅನ್ನೋದು ನನಗ ಗೊತ್ತಾಗಬೇಕಾಗ್ಯದ. ನಾ ನೋಡಿದ್ದು ನಾ ಹೇಳ್ತೀನಿ, ನಿಮ್ಮ ಕಡಿಂದು ನೀವು ಹೇಳ್ರಿ.

"ಎಲ್ಲಾರೂ ಊರು ಬಿಟ್ಟು ಬೆಂಗಳೂರಿಗೆ ಹೊಂಟಾರ" ಅಂತ ಚಾದಂಗಡ್ಯಾಗ ಕುಂತವರೂ ಹೇಳ್ತಾರ, ಟಿವಿಯಾಗೂ ಹೇಳ್ತಾರ. ನನ್ನ ಗಾಡಿ ಲೆಕ್ಕದಾಗ ಅದು ಅರ್ಧ ಖರೆ. ನನಗ ಬರೋ ಲೋಡ್ ಜಾಸ್ತಿ ಇರೋದು ತಾಲ್ಲೂಕಿನಿಂದ ಕಲಬುರಗಿಗೆ. ಚಿಂಚೋಳಿ, ಆಳಂದ, ಅಫಜಲಪುರ, ಜೇವರ್ಗಿ, ಸೇಡಂ ಕಡಿ ಮಂದಿ ಮಕ್ಕಳ ಪಿಯು ಸಲುವಾಗಿ ಇಲ್ಲಿ ಬಾಡಗಿ ಮನಿ ಹಿಡೀತಾರ. ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂತು ಅಂದ್ರ ಜೂನ್ ಮುಗಿಯೋ ತನಕ ನಮಗ ಬಿಡುವು ಇರಂಗಿಲ್ಲ. ನಮ್ಮ ಹಮಾಲರು ಇದಕ್ಕ "ಅರ್ಧ ಮನಿ ಲೋಡ್" ಅಂತಾರ. ಯಾಕಂದ್ರ ಇಡೀ ಮನಿ ಬರಂಗಿಲ್ಲ. ಒಂದು ಪಲಂಗ, ಎರಡು ಗಾದಿ, ಗ್ಯಾಸ್ ಒಲಿ, ಸಿಲಿಂಡರ್, ಕೂಲರ್, ಹುಡುಗ ಓದೋ ಟೇಬಲ್, ಸ್ವಂತ ಹೊಲದ ಜ್ವಾಳ ಒಂದು ಚೀಲ, ತೊಗರಿಬ್ಯಾಳಿ ಒಂದು ದೊಡ್ಡ ಡಬ್ಬಿ. ತಿಜೋರಿ ಊರಾಗೇ ಇರ್ತದ. ದೇವರ ಜಗಲಿ ಊರಾಗೇ ಇರ್ತದ. ದನಾ, ಹೊಲ ನೋಡ್ಕೊಳ್ಳಾಕ ಅಪ್ಪ ಊರಾಗೇ ಇರ್ತಾನ. ಹುಡುಗನ ಜೊತಿ ಅವ್ವ ಬರ್ತಾಳ, ಇಲ್ಲಂದ್ರ ರೊಟ್ಟಿ ಬಡೀಲಿಕ್ಕ ಆಯಿ ಬರ್ತಾಳ.

ಎರಡು ವರ್ಷ ಅಂತ ಹೇಳಿ ಬರ್ತಾರ. ದೊಡ್ಡಾವ ಪಿಯು ಮುಗಿಸಿ ಕಾಲೇಜಿಗೆ ಬ್ಯಾರೆ ಊರಿಗೆ ಹೋದ್ರೂ ಅವ್ವ ವಾಪಸ್ ಹೋಗಂಗಿಲ್ಲ, ಯಾಕಂದ್ರ ಸಣ್ಣಾಕಿ ಅಷ್ಟೊತ್ತಿಗೆ ಎಂಟನೇತ್ತ ಬಂದಿರ್ತಾಳ. ಆಮ್ಯಾಲ ರಿಂಗ್ ರೋಡ್ ಆಚಿ ಒಂದು ಪ್ಲಾಟ್ ತಗೋತಾರ, ಮನಿ ಕಟ್ತಾರ. ಆಗ ನನಗ ಎರಡನೇ ಫೋನ್ ಬರ್ತದ, ಊರಾಗಿನ ತಿಜೋರಿ ತರ್ಲಿಕ್ಕ. ಅವತ್ತು ಆ ಊರಿನ ಮನಿ ಖರೇನೇ ಖಾಲಿ ಆತು ಅಂತ ತಿಳೀಬೇಕು. ಎಷ್ಟೋ ಮಂದಿ ಊರು ಬಿಟ್ಟಿದ್ದು ಹಿಂಗೇ, ಎರಡು ಕಂತಿನ್ಯಾಗ.

ಬೆಂಗಳೂರು ಲೋಡ್ ಬ್ಯಾರೆ ಥರ. ಹುಡುಗರು ಮೊದಲು ಹೋಗೋವಾಗ ನನ್ನ ಗಾಡಿ ಬೇಕಾಗಂಗಿಲ್ಲ, ಒಂದು ಬ್ಯಾಗ್ ಹಾಕ್ಕೊಂಡು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಪಿಜಿಗೆ ಹೋಗ್ತಾರ. ಲಗ್ನ ಆಗಿ, ಮಕ್ಕಳಾಗಿ, ಇಲ್ಲಿ ಅಪ್ಪ ರಿಟೈರ್ ಆದ ಮ್ಯಾಲ ತಂದಿ ತಾಯಿನ ಕರ್ಕೊಂಡು ಹೋಗೋವಾಗ ನನಗ ಹೇಳ್ತಾರ. ಆಗ ಮಾತ್ರ ಇಡೀ ಮನಿ ಬರ್ತದ. ಬ್ಯಾಂಕಿನ್ಯಾಗ ಇದ್ದವರು, ಸಿಮೆಂಟ್ ಫ್ಯಾಕ್ಟರಿಯಾಗ ಇದ್ದವರು, ಸಾಲಿ ಮಾಸ್ತರಿಕಿ ಮಾಡಿದವರು ಹಿಂಗ ಹೋಗ್ಯಾರ. ಹೈದರಾಬಾದ್ ಕಡಿಯವು ಇವಕ್ಕಿಂತ ಕಡಿಮಿ, ಆದ್ರ ವರ್ಷ ಪೂರ್ತಿ ಇರ್ತಾವ.

ಒಂದು ಗುರುತು ಹೇಳ್ತೀನಿ. ಕಲಬುರಗಿ ಬಿಟ್ಟು ಹೋಗೋರ ಸಾಮಾನಿನ್ಯಾಗ ಕೂಲರ್ ಲೋಡ್ ಆಯ್ತು ಅಂದ್ರ ಆ ಮನಿ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೊಂಟದ ಅಂತ ತಿಳ್ಕೋರಿ. ಬೆಂಗಳೂರಿಗೆ ಹೋಗೋರು ಕೂಲರ್ ಒಯ್ಯಂಗಿಲ್ಲ, ಅಲ್ಲಿ ಅದರ ಕೆಲಸಿಲ್ಲ. ಬಾಜೂ ಮನ್ಯವರಿಗಿ ಕೊಡ್ತಾರ, ಇಲ್ಲಾ ನಮ್ಮ ಹಮಾಲರಿಗಿ ಕೊಡ್ತಾರ. ಕೂಲರ್ ಕೊಟ್ಟು ಹೋದವರು ವಾಪಸ್ ಬಂದಿದ್ದು ನಾ ಭಾಳ ಕಮ್ಮಿ ನೋಡೀನಿ.

ಕಡೀ ಮಾತು. ಗುಳೆ ಹೋಗೋ ಮಂದಿ ನನ್ನ ಗಾಡಿಗೆ ಯಾವತ್ತೂ ಬರಂಗಿಲ್ಲ. ದೀಪಾವಳಿ ಆದ ಮ್ಯಾಲ ತಾಂಡಾದ ಮಂದಿ ಸ್ಟೇಷನ್ನಾಗ, ಬಸ್ ಸ್ಟ್ಯಾಂಡಿನ್ಯಾಗ ಗಂಟು ಕಟ್ಕೊಂಡು ಕುಂತಿರ್ತಾರ. ಅವರೂ ಮನಿ ಎತ್ಕೊಂಡೇ ಹೊಂಟವರು. ಅಮೆರಿಕಾದಾಗ ಶಿಫ್ಟಿಂಗ್ ಕಂಪನಿಗಳು ವರ್ಷಕ್ಕೊಮ್ಮಿ ಯಾವ ರಾಜ್ಯಕ್ಕ ಎಷ್ಟು ಮನಿ ಬಂದವು, ಯಾವ ರಾಜ್ಯದಿಂದ ಎಷ್ಟು ಹೋದವು ಅಂತ ಲೆಕ್ಕ ತೆಗೀತಾವಂತ, ನನ್ನ ಅಕ್ಕನ ಮಗ ಹೇಳ್ದ. ನಮ್ಮ ಕಡಿ ಹಂಗ ಲೆಕ್ಕ ತೆಗೆದ್ರ ಈ ಗಂಟು ಕಟ್ಕೊಂಡು ಕುಂತವರು ಅದರಾಗ ಬರಂಗೇ ಇಲ್ಲ. ಇವರನ್ನ ಬಿಟ್ಟು ಕಲಬುರಗಿ ಮಂದಿ ಎಲ್ಲಿ ಹೊಂಟಾರ ಅಂತ ಹೇಳಿದ್ರ ಅದು ಖರೆ ಆಗಂಗಿಲ್ಲ. ಇವರ ಬಗ್ಗೆ ಗೊತ್ತಿದ್ದವರು ದಯವಿಟ್ಟು ಬರೀರಿ.

---

ನೌಬಾದ್_ಸ್ಪೇರ್‌ಪಾರ್ಟ್ಸ್ (ಬೀದರ್):

ಅಣ್ಣೋರೆ, ಬೀದರಿಂದು ನಾ ಹೇಳ್ತೀನಿ. ನಮಗ ಬೆಂಗಳೂರು ಅಂದ್ರ ಸುಮಾರು 700 ಕಿ.ಮೀ., ಹೈದರಾಬಾದ್ ಅಂದ್ರ ಸುಮಾರು 140. ಮುಂಜಾನೆ ಹೋಗಿ ಸಂಜಿಗೆ ಮನಿಗೆ ಬರ್ಬಹುದು. ಅದಕ್ಕ ನಮ್ಮ ಮಂದಿ ದವಾಖಾನಿ ಅಂದ್ರೂ ಹೈದರಾಬಾದ್, ಲಗ್ನದ ಬಟ್ಟಿ ಅಂದ್ರೂ ಹೈದರಾಬಾದ್, ನೌಕರಿ ಅಂದ್ರೂ ಹೈದರಾಬಾದ್. ಮನಿ ಮಾಡೋದು ಮುಂಬೈ ಹೈವೇ ಬಾಜೂಕ, ಪಟಾನ್‌ಚೆರು, ಚಂದಾನಗರ, ಮಿಯಾಪುರ ಕಡಿ. ಊರ ದಾರಿಯಾಗೇ ಇರೋದು, ಯಾವಾಗ ಬೇಕಂದ್ರ ಅವಾಗ ಬಸ್ ಹತ್ತಬಹುದು ಅನ್ನೋದೊಂದು ಧೈರ್ಯ.

ಬಾಡಗಿ ಮುಂಗಡದಾಗೂ ಫರಕ್ ಅದ. ಬೆಂಗಳೂರಿನ್ಯಾಗ ಹತ್ತು ತಿಂಗಳ ಬಾಡಗಿ ಡಿಪಾಸಿಟ್ ಕೇಳೋದು ಹಳೇ ಪದ್ಧತಿ, ಈಗ ಸ್ವಲ್ಪ ಇಳಿದದ ಅಂತಾರ. ಹೈದರಾಬಾದಿನ್ಯಾಗ ಎರಡು ತಿಂಗಳಂದು ಕೊಟ್ರ ಕೀಲಿ ಕೈಗೆ ಬರ್ತದ. ಹೊಸದಾಗಿ ಸಂಸಾರ ಹೂಡೋ ಹುಡುಗ ಹುಡುಗಿಗಿ ಇದು ಸಣ್ಣ ಮಾತಲ್ಲ.

ಆದ್ರ ರಾಜ್ಯ ದಾಟಿದ ಮ್ಯಾಲ ತ್ರಾಸು ಬ್ಯಾರೇ ಇರ್ತಾವ. ನನ್ನ ತಮ್ಮ ಹೋದಾಗ ನೋಡೀನಿ. ಗಾಡಿ ಕೆಎ38 ಇರ್ತದ. 12 ತಿಂಗಳ ಮ್ಯಾಲ ಬ್ಯಾರೆ ರಾಜ್ಯದಾಗ ಇಟ್ಕೊಂಡ್ರ ಇಲ್ಲಿ ಆರ್‌ಟಿಓ ಕಡಿಂದ ಎನ್‌ಓಸಿ ತಗೊಂಡು ಅಲ್ಲಿ ಹೊಸ ನಂಬರ್ ಮಾಡಿಸ್ಬೇಕು, ಅಲ್ಲಿ ಲೈಫ್ ಟ್ಯಾಕ್ಸ್ ಕಟ್ಟಬೇಕು, ಇಲ್ಲಿ ಕಟ್ಟಿದ್ದರಾಗ ಉಳಿದದ್ದು ವಾಪಸ್ ಕೊಡ್ರಿ ಅಂತ ಅರ್ಜಿ ಹಾಕಬೇಕು. ಮಕ್ಕಳ ಟಿಸಿ ಮ್ಯಾಲ ಬಿಇಓ ಸಹಿ ಬೇಕಂತಾರ. ಸಾಲಿಯಾಗ ಕನ್ನಡ ಹೋಗಿ ತೆಲುಗು ಬರ್ತದ. ಮಗು ಎರಡನೇತ್ತದಾಗಿದ್ರ ಕಲೀತದ. ಏಳನೇತ್ತದಾಗಿದ್ರ ಭಾಳ ಕಷ್ಟ ಆಗ್ತದ, ನಮ್ಮ ತಮ್ಮನ ಮಗಳು ಒಂದು ವರ್ಷ ಅತ್ತುಕೋತ ಸಾಲಿಗೆ ಹೋದ್ಲು.

ಒಂದು ಸಮಾಧಾನ ಅಂದ್ರ, ಮನಿಯಾಗ ಬಳಸಿದ ಸಾಮಾನಿಗೆ ಇ-ವೇ ಬಿಲ್ ಬೇಕಾಗಂಗಿಲ್ಲ. ನಿಮಗಿದು ಗೊತ್ತೇ ಇರ್ತದ, ಆದ್ರ ಗಿರಾಕಿಗೆ ಗೊತ್ತಿರಂಗಿಲ್ಲ. ಜಹೀರಾಬಾದ್ ದಾರಿಯಾಗ ಯಾರರ ಹಿಡಿದು ಬಿಲ್ ಕೇಳಿದ್ರ ಹೆದರಿ ರೊಕ್ಕ ಕೊಟ್ಟವರು ಅವರ.

ಬರೋ ಲೋಡ್ ಬಗ್ಗೆ ಕೇಳಿದ್ರ, ಬೀದರಿಗೆ ಬರೋರೂ ಭಾಳ ಮಂದಿ ಅವರ. ಏರ್‌ಫೋರ್ಸ್ ಸ್ಟೇಷನ್ ಇರೋದಕ್ಕ ಮೂರ್ನಾಲ್ಕು ವರ್ಷಕ್ಕೊಮ್ಮಿ ಸಂಸಾರಗಳು ಬರ್ತಾವ, ಹೋಗ್ತಾವ, ಅವರ ಬಿಎಚ್ ನಂಬರ್ (ಯಾವ ರಾಜ್ಯಕ್ಕ ಹೋದ್ರೂ ಬದಲಿ ಮಾಡಬೇಕಿಲ್ಲದ ನಂಬರ್) ಗಾಡಿ ನಮ್ಮ ಅಂಗಡಿಗೇ ಬರ್ತಾವ. ಶಾಹೀನ್ ಕಾಲೇಜಿನ್ಯಾಗ ನೀಟ್ ಓದ್ಲಿಕ್ಕ ದೂರದ ರಾಜ್ಯಗಳಿಂದ ಹುಡುಗರು ಬರ್ತಾರ. ಹಾಸ್ಟೆಲ್‌ನಾಗ ಇರೋರಿಗೆ ಗಾಡಿ ಬ್ಯಾಡ, ಖರೆ. ಆದ್ರ ಕೆಲವರ ತಾಯಂದಿರು ಬಂದು ರೂಮ್ ಮಾಡ್ತಾರ, ಅವರು ಪಲಂಗ, ಕೂಲರ್ ಎಲ್ಲಾ ಇಲ್ಲೇ ತಗೊಂಡು ಹೋಗೋವಾಗ ಇಲ್ಲೇ ಮಾರ್ತಾರ. ನಿಮ್ಮ "ಅರ್ಧ ಮನಿ" ಮಾತು ಓದಿ ನನಗ ಅವರೇ ನೆಪ್ಪಾದ್ರು.

---

ಸೇಡಂ_ಮಗಳು (ಈಗ ಬೆಂಗಳೂರು):

ಅಣ್ಣಾರೆ, ನೀವು ಬರೆದ "ಇಡೀ ಮನೆ ಲೋಡ್" ನಮ್ಮದೇ. ನಿಮ್ಮ ಗಾಡಿ ಅಲ್ಲ, ಬೇರೆಯವರದು, ಆದರೆ ಕೂಲರ್ ಮಾತ್ರ ನೀವು ಹೇಳಿದ ಹಾಗೆ ಬಾಜೂ ಮನೆಯ ಕಾಕಾಗೆ ಕೊಟ್ಟೇ ಬಂದಿದ್ದು.

ಯಾಕೆ ಹೋಗ್ತಾರೆ ಅಂತ ಕೇಳಿದ್ದೀರಿ. ನಾನು ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ಬಹಳ ಜನ ಇದನ್ನ ಹೇಳೋದಿಲ್ಲ. ಕಲಬುರಗಿಯಲ್ಲಿ ನೌಕರಿ ಇಲ್ಲ ಅನ್ನೋದು ಪೂರ್ತಿ ಸರಿ ಅಲ್ಲ. ಒಂದು ನೌಕರಿ ಸಿಗುತ್ತೆ. ಗಂಡ ಹೆಂಡತಿ ಇಬ್ಬರಿಗೂ ಅವರವರ ಓದಿಗೆ ತಕ್ಕ ಎರಡು ನೌಕರಿ ಒಂದೇ ಊರಲ್ಲಿ ಸಿಗಲ್ಲ. ನನ್ನ ಗಂಡನಿಗೆ ಕಲಬುರಗಿಯಲ್ಲಿ ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಸಿಗ್ತಿತ್ತು. ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡೋಳು, ನನಗೆ ಅಲ್ಲಿ ಏನೂ ಇರಲಿಲ್ಲ. ಮೊದಲೆಲ್ಲ ಗಂಡಿನ ನೌಕರಿ ನೋಡಿ ಊರು ಗೊತ್ತು ಮಾಡ್ತಿದ್ರು. ಈಗ ನಮ್ಮ ಸೇಡಂ, ಚಿತ್ತಾಪುರದ ಹೆಣ್ಣುಮಕ್ಕಳೂ ಬಿಇ ಮಾಡಿದ್ದಾರೆ. ಇಬ್ಬರಿಗೂ ಕೆಲಸ ಇರೋ ಊರು ಹುಡುಕಿದ್ರೆ ಬೆಂಗಳೂರು, ಹೈದರಾಬಾದ್, ಪುಣೆ ಅಷ್ಟೇ ಉಳಿಯೋದು.

ಅಪ್ಪ ಅವ್ವ ಬಂದಿದ್ದು ಮೊಮ್ಮಗನ ಸಲುವಾಗಿ. ಎಂಟು ತಿಂಗಳ ಕೂಸನ್ನ ಡೇ ಕೇರ್‌ನಲ್ಲಿ ಬಿಡೋಕೆ ನನ್ನ ಅವ್ವ ಒಪ್ಪಲಿಲ್ಲ. ಮೊದಲು ಆರು ತಿಂಗಳು ಅಂತ ಬಂದ್ರು. ಆಮೇಲೆ ಅಪ್ಪನ ಬಿಪಿ, ಶುಗರ್ ಇಲ್ಲೇ ತೋರಿಸೋದು ರೂಢಿ ಆಯ್ತು. ಕೊನೆಗೆ ಸೇಡಂ ಮನೆಗೆ ಕೀಲಿ ಹಾಕಿ ಸಾಮಾನು ತಂದ್ವಿ. ಹೊಲ ಪಾಲಿಗೆ ಕೊಟ್ಟಿದ್ದೀವಿ. ತೊಗರಿ ರಾಶಿ ಸಮಯಕ್ಕೆ ಅಪ್ಪ ತಪ್ಪದೇ ಹೋಗ್ತಾರೆ. 2024ರ ಮಾರ್ಚ್‌ನಲ್ಲಿ ಕಲಬುರಗಿ ವಂದೇ ಭಾರತ್ ಶುರುವಾದ ಮೇಲೆ ಅವರಿಗೆ ಅನುಕೂಲ ಆಗಿದೆ. ಅಲ್ಲಿಂದ ನಸುಕಿನಲ್ಲಿ ಹತ್ತಿದ್ರೆ ಮಧ್ಯಾಹ್ನ ಇಲ್ಲಿರ್ತಾರೆ, ರಾತ್ರಿ ರೈಲಿನಲ್ಲಿ ನಿದ್ದೆಗೆಟ್ಟು ಬರೋದು ತಪ್ಪಿತು. ಅಪಾರ್ಟ್‌ಮೆಂಟಿನಲ್ಲಿ ಅವರಿಗೆ ಮಾತಿಗೆ ಜನ ಇಲ್ಲ. ಅವ್ವ ಹೆಂಗೋ ಕೆಳಗಡೆ ಹುಬ್ಬಳ್ಳಿಯ ಒಬ್ಬರನ್ನ ಹುಡುಕಿಕೊಂಡ್ರು. ಅಪ್ಪ ದಿನಾ ಸಂಜೆ ಸೇಡಂನ ಗೆಳೆಯರಿಗೆ ಫೋನ್ ಮಾಡಿ ಮಳೆ ಆಯ್ತಾ, ಬೆಲೆ ಎಷ್ಟು ಅಂತ ಕೇಳ್ತಾರೆ. ಇದು ನನಗೆ ಬಹಳ ನೋವು ಕೊಡೋ ವಿಷಯ.

ನನ್ನ ಹಾಗೆ ಇರೋರಿಗೆ ಒಂದು ಮಾತು, ಮಕ್ಕಳ 371(ಜೆ), ಅಂದ್ರೆ ಕಲ್ಯಾಣ ಕರ್ನಾಟಕದವರಿಗೆ ಇರೋ ಮೀಸಲಾತಿ ವಿಷಯ ಮರೀಬೇಡಿ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಹಕ್ಕು ಇದು. ನಮ್ಮ ಭಾಗದ ವೃತ್ತಿ ಶಿಕ್ಷಣದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟು ನಮ್ಮವರಿಗೆ. ಅರ್ಹತಾ ಪ್ರಮಾಣಪತ್ರ ಕೊಡೋದು ಅಸಿಸ್ಟೆಂಟ್ ಕಮಿಷನರ್ ಕಚೇರಿ. ಅಪ್ಪ ಅಮ್ಮನ ಹಳೆಯ ಶಾಲೆ ದಾಖಲೆ, ಊರಿನ ಮನೆ ಕಾಗದ, ಪಹಣಿ ಎಲ್ಲ ಜೋಪಾನ ಮಾಡಿ. ಶಿಫ್ಟಿಂಗ್ ಮಾಡುವಾಗ ರದ್ದಿ ಅಂತ ಹಳೆ ಟ್ರಂಕ್ ಕಾಗದ ಒಗೆದು ಆಮೇಲೆ ಒದ್ದಾಡಿದವರು ನಮ್ಮ ಪೈಕಿಯಲ್ಲೇ ಇದ್ದಾರೆ. ಅಣ್ಣಾರೆ, ನೀವು ಲೋಡ್ ಮಾಡೋ ಮುಂದೆ ಗಿರಾಕಿಗೆ ಇದೊಂದು ನೆನಪು ಮಾಡಿದ್ರೆ ಪುಣ್ಯ ಬರ್ತದೆ.

ಪ್ರಧಾನಿಯವರ ಆರ್ಥಿಕ ಸಲಹಾ ಮಂಡಳಿ 2024ರ ಡಿಸೆಂಬರ್‌ನಲ್ಲಿ ಒಂದು ವರದಿ ತಂದಿತು. 2023ರಲ್ಲಿ ದೇಶದ ವಲಸಿಗರು ಸುಮಾರು 40.2 ಕೋಟಿ, 2011ಕ್ಕಿಂತ ಹತ್ತಿರ ಹತ್ತಿರ ಶೇ. 12 ಕಡಿಮೆ ಅಂತ ಅದರ ಅಂದಾಜು. ರೈಲಿನ ಕಾಯ್ದಿರಿಸದ ಟಿಕೆಟ್ ಲೆಕ್ಕ ಇಟ್ಟುಕೊಂಡು ಮಾಡಿದ್ದು. ಊರ ಹತ್ತಿರವೇ ಶಾಲೆ, ಆಸ್ಪತ್ರೆ, ಕೆಲಸ ಸುಧಾರಿಸಿರೋದಕ್ಕೆ ಜನ ದೂರ ಹೋಗೋದು ಕಡಿಮೆ ಆಗಿರಬಹುದು ಅಂತ ಅವರ ಮಾತು. ಆಸ್ಪತ್ರೆ ವಿಷಯದಲ್ಲಿ ನಾನು ಇದನ್ನ ಒಪ್ತೀನಿ. ಕಲಬುರಗಿಯಲ್ಲಿ 371 ಹಾಸಿಗೆಯ ಜಯದೇವ ಆಸ್ಪತ್ರೆ ಅದೇ ಡಿಸೆಂಬರ್‌ನಲ್ಲಿ ಶುರುವಾಯ್ತು, ನನ್ನ ಸೋದರಮಾವನ ಹೃದಯದ ಚಿಕಿತ್ಸೆ ಅಲ್ಲೇ ಆಯ್ತು, ಹೈದರಾಬಾದಿಗೆ ಓಡೋದು ತಪ್ಪಿತು. ನೌಕರಿ ವಿಷಯದಲ್ಲಿ ಒಪ್ಪಲ್ಲ.

---

ಶಹಾಪುರ_ಕೆನಾಲ್:

ನಮ್ಮ ಕಡಿ ನಾರಾಯಣಪುರ ಡ್ಯಾಮಿನ ಎಡದಂಡೆ ಕಾಲುವಿ ಬಂದ ಮ್ಯಾಲ ಮಂದಿ ಹೋಗೋದೂ ಆತು, ಬರೋದೂ ಆತು. ಆಂಧ್ರದಿಂದ ಬಂದು ಹೊಲ ತಗೊಂಡು, ಲೀಸಿಗೆ ಹಿಡಿದು ಭತ್ತ ಹಚ್ಚಿದವರ ಕ್ಯಾಂಪ್‌ಗಳು ಶಹಾಪುರ, ಸುರಪುರ ಕಡಿ ಇವತ್ತಿಗೂ ಅವ. ಅವರ ಮಕ್ಕಳು ಇಲ್ಲೇ ಹುಟ್ಟಿ ಇಲ್ಲೇ ಕನ್ನಡ ಸಾಲಿ ಕಲ್ತಾರ, ಈಗ ಅವರೂ ನಮ್ಮವರೇ.

ಆದ್ರ ಕಾಲುವಿ ತುದಿಗಿ ಇರೋ ಹಳ್ಳಿಗಿ ನೀರು ಮುಟ್ಟಂಗಿಲ್ಲ. ಮ್ಯಾಲಿನ ಊರಾಗ ಭತ್ತದ ನಾಟಿಗೆ ಆಳು ಸಿಗಂಗಿಲ್ಲ ಅಂತ ಹುಡುಕ್ತಾರ, ಕಡೀ ಊರಿನವರು ಬೆಂಗಳೂರಿಗೆ ಬಿಲ್ಡಿಂಗ್ ಕೆಲಸಕ್ಕ ಹೊಂಟಿರ್ತಾರ. ಇಲ್ಲೇ ಕೆಲಸ ಅದ, ಯಾಕ ಹೋಗ್ತೀರಿ ಅಂತ ನಾನೇ ಕೇಳೀನಿ. ನಾಟಿ ಕೆಲಸ ಹದಿನೈದು ದಿನಕ್ಕ ಮುಗೀತದ, ಬೆಂಗಳೂರಿನ್ಯಾಗ ಮೇಸ್ತ್ರಿ ಆರು ತಿಂಗಳು ದಿನಾ ಕೆಲಸ ಕೊಡ್ತಾನ ಅಂದ್ರು. ನರೇಗಾ ಕೂಲಿ 2025-26ಕ್ಕ ದಿನಕ್ಕ 370 ರೂಪಾಯಿ ಇತ್ತು, ಗಾರೆ ಕೆಲಸದಾಗ ಅದಕ್ಕಿಂತ ಜಾಸ್ತಿ ಸಿಗ್ತದ, ವಾರಕ್ಕೊಮ್ಮಿ ಕೈಗೂ ಬರ್ತದ. ಮಗಳ ಲಗ್ನದ ಸಾಲ ತೀರಿಸೋನು ಎಲ್ಲಿಗೆ ಹೋಗಬೇಕ್ರಿ ಮತ್ತ?

ಅವರು ಹೋಗೋದು ಕ್ರೂಸರ್ ಗಾಡಿಯಾಗ, ಸಾಮಾನು ಮ್ಯಾಲ ಕಟ್ತಾರ. ಮೊಹರಂಗೆ ಮಾತ್ರ ಎಲ್ಲಿದ್ರೂ ಊರಿಗೆ ಬರ್ತಾರ. ನಮ್ಮ ಊರು ಆ ಐದಾರು ದಿನ ನೋಡ್ಬೇಕು, ಕೀಲಿ ಹಾಕಿದ ಮನಿ ಒಂದೂ ಇರಂಗಿಲ್ಲ. ಹೆಣ್ಣುಮಕ್ಕಳಿಗೆ ಬಸ್ ಫ್ರೀ ಆದ ಮ್ಯಾಲ ಬೆಂಗಳೂರಿಂದ ನಡುವ ಒಮ್ಮೊಮ್ಮಿ ಬಂದು ಮುದುಕರನ್ನ ನೋಡಿ ಹೋಗೋರೂ ಆಗ್ಯಾರ.

---

ತಾಂಡಾ_ಮಾಸ್ತರ್ (ಚಿತ್ತಾಪುರ ತಾಲ್ಲೂಕು):

ಗಾಡಿಯವರೇ, ನಿಮ್ಮ ಕೊನೆಯ ಪ್ಯಾರಾ ಓದಿ ಬರೆಯುತ್ತಿದ್ದೇನೆ. ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕ. ನಮ್ಮ ಶಾಲೆ ಇರುವುದು ಲಂಬಾಣಿ ತಾಂಡಾದಲ್ಲಿ.

ನಿಮ್ಮ ಗಾಡಿ ಲೆಕ್ಕದಲ್ಲಿ ಮಾತ್ರವಲ್ಲ, ಸರ್ಕಾರದ ಲೆಕ್ಕದಲ್ಲೂ ಈ ಜನ ಸರಿಯಾಗಿ ಸಿಗುವುದಿಲ್ಲ. 2020-21ರ ಪಿಎಲ್‌ಎಫ್‌ಎಸ್ (ಕೇಂದ್ರ ಸರ್ಕಾರದ ಉದ್ಯೋಗ ಸಮೀಕ್ಷೆ) ಪ್ರಕಾರ ದೇಶದಲ್ಲಿ ಶೇ. 28.9 ಜನ ವಲಸಿಗರು. ಹೆಂಗಸರಲ್ಲಿ ಶೇ. 47.9, ಗಂಡಸರಲ್ಲಿ ಶೇ. 10.7. ಹೆಂಗಸರ ಸಂಖ್ಯೆ ಅಷ್ಟು ದೊಡ್ಡದಾಗಲು ಕಾರಣ ಮದುವೆ, ವಲಸೆ ಹೋದ ಹೆಂಗಸರಲ್ಲಿ ಶೇ. 86.8 ಮಂದಿ ಗಂಡನ ಮನೆಗೆ ಹೋದವರು. ಈ ಲೆಕ್ಕದಲ್ಲಿ ಒಬ್ಬರು ಒಂದು ಊರಿನವರು ಎನಿಸಿಕೊಳ್ಳಬೇಕಾದರೆ ಅಲ್ಲಿ ಆರು ತಿಂಗಳಾದರೂ ಇರಬೇಕು. ನಮ್ಮ ತಾಂಡಾದವರು ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋಗುವುದು ದೀಪಾವಳಿ ಮುಗಿದ ಮೇಲೆ, ಬರುವುದು ಯುಗಾದಿ ಹೊತ್ತಿಗೆ. ಐದು ತಿಂಗಳು. ವರ್ಷದ ಹತ್ತಿರ ಹತ್ತಿರ ಅರ್ಧ ಊರು ಬಿಟ್ಟಿದ್ದರೂ ಅವರು ಕಾಗದದ ಮೇಲೆ ಊರಲ್ಲೇ ಇದ್ದಾರೆ. ಮದುವೆಯಾಗಿ ಪಕ್ಕದ ಹಳ್ಳಿಗೆ ಹೋದ ಹೆಣ್ಣುಮಗಳು ವಲಸಿಗಳಾಗುತ್ತಾಳೆ. ಸೊಲ್ಲಾಪುರ ಕಡೆಯ ಗದ್ದೆಯಲ್ಲಿ ತಾಡಪತ್ರಿ ಕೆಳಗೆ ಐದು ತಿಂಗಳು ಮಲಗಿದವಳು ಆಗುವುದಿಲ್ಲ. 2011ರ ನಂತರದ ಜನಗಣತಿ ಈಗ 2027ರ ಫೆಬ್ರುವರಿಯಲ್ಲಿ ನಡೆಯಲಿದೆ. ಫೆಬ್ರುವರಿ ಎಂದರೆ ಕಬ್ಬು ಕಡಿಯುವ ಹಂಗಾಮಿನ ನಡುಭಾಗ.

ಹೋಗುವ ಬಗೆ ಹೇಳುತ್ತೇನೆ. ಮುಕಾದಮ್, ಎಂದರೆ ಕಬ್ಬು ಕಡಿಯುವವರನ್ನು ಕರೆದೊಯ್ಯುವ ಗುತ್ತಿಗೆದಾರ, ಮಳೆಗಾಲದಲ್ಲೇ ಬಂದು ಮುಂಗಡ ಕೊಡುತ್ತಾನೆ. ಒಬ್ಬರಿಗೆ ಕೊಡುವುದಿಲ್ಲ, ಗಂಡ ಹೆಂಡತಿ ಸೇರಿ ಒಂದು ಕೊಯ್ತಾ ಎಂದು ಲೆಕ್ಕ. ಗಂಡ ಕಡಿಯಬೇಕು, ಹೆಂಡತಿ ಕಟ್ಟಿ ಹೊರಬೇಕು. ಹಾಗಾಗಿ ಇಬ್ಬರೂ ಹೋಗಲೇಬೇಕು, ಸಣ್ಣ ಮಕ್ಕಳು ಜೊತೆಗೆ ಹೋಗಲೇಬೇಕು. ಆ ಮುಂಗಡ 2022ರ ಕೊನೆಯಲ್ಲಿ ತೊಗರಿಗೆ ನೆಟೆ ರೋಗ ಬಂದಂಥ ವರ್ಷ ಹೆಚ್ಚು ಜನರ ಮನೆಗೆ ಬರುತ್ತದೆ, ಬೆಳೆ ಚೆನ್ನಾಗಿದ್ದ ವರ್ಷ ಕಡಿಮೆ. ಅವರ ಮನೆ ಸಾಮಾನು ನಾನು ನೋಡಿದ್ದೇನೆ. ರೊಟ್ಟಿ ಹಂಚು, ಜೋಳದ ಹಿಟ್ಟು ಒಂದು ಚೀಲ, ಖಾರದ ಪುಡಿ ಡಬ್ಬಿ, ಎರಡು ಕೊಡಪಾನ, ಕೌದಿ, ತಾಡಪತ್ರಿ, ಕುಡುಗೋಲು, ಕೆಲವೊಮ್ಮೆ ಒಂದು ಆಡು. ಬಾಗಿಲಿಗೆ ಕೀಲಿ ಹಾಕಿ ಕೀಲಿಕೈ ಮುದುಕಿಯರ ಕೈಗೆ ಕೊಟ್ಟು ಹೋಗುತ್ತಾರೆ. ಮುದುಕಿಯರಿಗೆ ರೇಷನ್ ಅಕ್ಕಿ ಇಲ್ಲಿ. ಒಂದು ದೇಶ ಒಂದು ರೇಷನ್ ಕಾರ್ಡ್ ಬಂದ ಮೇಲೆ ಹೋದವರು ಅಲ್ಲಿಯೂ ತಮ್ಮ ಪಾಲು ತೆಗೆಯಬಹುದು ಎಂದು ನಾವು ಹೇಳಿ ಕಳಿಸುತ್ತೇವೆ. ಗದ್ದೆಯಿಂದ ನ್ಯಾಯಬೆಲೆ ಅಂಗಡಿ ದೂರ, ಹೋದರೆ ಅವತ್ತಿನ ಕೂಲಿ ಹೋಗುತ್ತದೆ ಎನ್ನುತ್ತಾರೆ.

2020ರ ಮೇ ತಿಂಗಳಲ್ಲಿ ಮಾತ್ರ ಎಲ್ಲರಿಗೂ ಇವರು ಕಂಡರು. ಮುಂಬೈ, ಪುಣೆಯಿಂದ ಸಾವಿರಾರು ಜನ ಕಲಬುರಗಿ, ಯಾದಗಿರಿಗೆ ಬಂದಾಗ ನಮ್ಮ ಶಾಲೆಯೇ ಕ್ವಾರಂಟೈನ್ ಕೇಂದ್ರವಾಗಿತ್ತು. ಇಷ್ಟು ಜನ ಹೊರಗಿದ್ದರಾ ಎಂದು ಅಧಿಕಾರಿಗಳೇ ಕೇಳಿದರು. ತಾಂಡಾದ ಯಾವ ಮುದುಕಿಯನ್ನು ಕೇಳಿದ್ದರೂ ಹೆಸರು ಹಿಡಿದು ಹೇಳುತ್ತಿದ್ದಳು.

ಮಕ್ಕಳ ವಿಷಯ ಹೇಳದೆ ಮುಗಿಸಲಾರೆ. ಅಪ್ಪ ಅಮ್ಮ ಹೋದರೂ ಮಗು ಊರಲ್ಲೇ ಉಳಿದು ಓದಲಿ ಎಂದು ಋತುಮಾನದ ವಸತಿ ಕೇಂದ್ರ ನಡೆಸುತ್ತೇವೆ. ಶಾಲೆಯಲ್ಲೇ ಊಟ, ಅಲ್ಲೇ ನಿದ್ದೆ. ಮೊದಮೊದಲು ತಾಯಂದಿರು ಹೆಣ್ಣುಮಕ್ಕಳನ್ನು ಬಿಡಲು ಒಪ್ಪುತ್ತಿರಲಿಲ್ಲ. ರಾತ್ರಿ ಕಾಯಲು ತಾಂಡಾದ್ದೇ ಒಬ್ಬ ಅಜ್ಜಿಯನ್ನು ಇಟ್ಟ ಮೇಲೆ ಬಿಡತೊಡಗಿದರು. ಕೇಂದ್ರಕ್ಕೆ ಮಂಜೂರಾತಿ ದೀಪಾವಳಿಗೆ ಮುಂಚೆ ಬಂದರೆ ಮಕ್ಕಳು ಉಳಿಯುತ್ತಾರೆ, ತಡವಾದರೆ ಅಷ್ಟೊತ್ತಿಗೆ ಲಾರಿ ಹೋಗಿರುತ್ತದೆ. ಈ ಒಂದು ತಿಂಗಳ ಹೆಚ್ಚುಕಮ್ಮಿಯಲ್ಲಿ ಒಂದು ಮಗುವಿನ ಇಡೀ ಓದು ನಿಂತಿರುತ್ತದೆ. ಇದನ್ನು ನಾನು ಎಲ್ಲಿ ಅವಕಾಶ ಸಿಕ್ಕರೂ ಹೇಳುತ್ತೇನೆ.

---

ಕೆಎ32_ಐಷರ್ (ಕಲಬುರಗಿ):

ಎಲ್ಲರಿಗೂ ಭಾಳ ಉಪಕಾರ ಆತ್ರಿ. ಒಬ್ಬೊಬ್ಬರಿಗಿ ಹೇಳ್ತೀನಿ.

ಸೇಡಂ ಅಕ್ಕೋರೆ, ಎರಡು ನೌಕರಿ ಮಾತು ನನ್ನ ತಲಿಯಾಗ ಬಂದಿರ್ಲಿಲ್ಲ. ಇಡೀ ಮನಿ ಲೋಡ್ ಯಾಕ ತಂದಿ ತಾಯಿ ಜೊತಿಗೇ ಬರ್ತದ ಅಂತ ಈಗ ಗೊತ್ತಾತು. ಟ್ರಂಕಿನ ಕಾಗದದ ಮಾತು ನಮ್ಮ ಹುಡುಗರಿಗಿ ಹೇಳೀನಿ, ಇನ್ನ ಮುಂದ ಲೋಡ್ ಮಾಡೋ ಮೊದಲು "ಹಳೇ ಕಾಗದ ಯಾವ ಪೆಟ್ಟಿಗ್ಯಾಗ ಅವ ತೋರಿಸ್ರಿ, ಅದನ್ನ ನಿಮ್ಮ ಕೈಯಾಗೇ ಇಟ್ಕೋರಿ" ಅಂತ ಕೇಳ್ತಾರ. ಅಪ್ಪಾಜಿಗಿ ನನ್ನ ಶರಣು ಹೇಳ್ರಿ. ತೊಗರಿ ರಾಶಿಗೆ ಬಂದಾಗ ಸಾಮಾನು ಏನರ ಒಯ್ಯೋದು ಇದ್ರ ಬೆಂಗಳೂರು ಗಾಡಿಯಾಗ ಹಾಕಿ ಕಳಸ್ತೀನಿ.

ಬೀದರ್ ಅಣ್ಣೋರೆ, ನಿಮ್ಮ ಮಾತು ಕೇಳಿ ಹೈದರಾಬಾದ್ ಲೈನು ಗಟ್ಟಿ ಅನ್ನಿಸ್ತು. ಬೆಂಗಳೂರಿಗೆ ಸುಮಾರು 600 ಕಿ.ಮೀ. ಲೋಡ್ ಒಯ್ದು ಖಾಲಿ ಬಂದ್ರ ಡೀಸೆಲ್, ಟೋಲ್ ಎಲ್ಲಾ ಹೋಗಿ ಕೈಯಾಗ ಏನೂ ಉಳಿಯಂಗಿಲ್ಲ. ಹೈದರಾಬಾದಿಂದ ಖಾಲಿ ಬಂದ್ರೂ ಅವತ್ತೇ ಬರ್ತದ, ಮರುದಿನ ಇಲ್ಲಿ ಕೆಲಸ ಹಿಡಿಬಹುದು. ಬೀದರಿನ್ಯಾಗ ಹಳೇ ಕೂಲರ್, ಪಲಂಗ ಕೊಳ್ಳೋರ ನಂಬರ್ ಇದ್ರ ನನಗ ಮೆಸೇಜ್ ಮಾಡ್ರಿ.

ಹಂಗಾಗಿ ನನ್ನ ನಿರ್ಧಾರ ಇಷ್ಟು. ಎರಡನೇದು ಸಣ್ಣ ಗಾಡಿ. ತಾಲ್ಲೂಕಿಂದ ಕಲಬುರಗಿಗೆ ಬರೋ ಅರ್ಧ ಮನಿ ಲೋಡ್ ಅದಕ್ಕ. ಐಷರ್ ಹೈದರಾಬಾದ್ ಕಡಿ. ಬೆಂಗಳೂರಿಗೆ ಇಲ್ಲಿಂದ ಲೋಡ್ ಬಂದು, ಅಲ್ಲಿಂದ ವಾಪಸ್ ಲೋಡೂ ಸಿಕ್ತು ಅಂದ್ರ ಮಾತ್ರ ಹೋಗೋದು.

ಮಾಸ್ತರ್ರೆ, ನಿಮ್ಮದು ಓದಿ ರಾತ್ರಿ ಮನಿಯಾಗ ಎಲ್ಲಾರಿಗೂ ಓದಿ ತೋರಿಸೀನಿ. ಮನಿ ಖಾಲಿ ಮಾಡೋರು ಭಾಳಷ್ಟು ಸಾಮಾನು ಬಿಟ್ಟು ಹೋಗ್ತಾರ. ಗಾದಿ, ಚಾದರ, ಮಕ್ಕಳು ಓದೋ ಟೇಬಲ್, ಟ್ಯೂಬ್‌ಲೈಟ್, ನೀರಿನ ಡ್ರಮ್, ಕತಿ ಪುಸ್ತಕ. ನನ್ನ ಗೋಡೌನಿನ್ಯಾಗ ಈಗೇ ಎಂಟು ಹತ್ತು ಛಲೋ ಗಾದಿ ಬಿದ್ದಾವ. ಮೇ, ಜೂನ್ ಹಂಗಾಮಿನ್ಯಾಗ ಇನ್ನೂ ಬರ್ತಾವ. ನಿಮ್ಮ ವಸತಿ ಕೇಂದ್ರಕ್ಕ ಏನು ಬೇಕು ಅಂತ ಒಂದು ಚೀಟಿ ಬರೀರಿ. ಬಾಡಗಿ ಬ್ಯಾಡ, ಗಾಡಿ ನಂದು. ಹಮಾಲರೂ ಬರ್ತೀವಿ ಅಂದಾರ, ಅವರಾಗ ಇಬ್ಬರು ತಾಂಡಾದ ಹುಡುಗರೇ ಅವರ.

---

ತಾಂಡಾ_ಮಾಸ್ತರ್ (ಚಿತ್ತಾಪುರ ತಾಲ್ಲೂಕು):

ತಮ್ಮಾ, ಬಹಳ ಸಂತೋಷ. ಗಾದಿ ಬೇಕು, ಸಣ್ಣ ಮಕ್ಕಳಿಗೆ ನೆಲದ ಥಂಡಿ ಆಗುತ್ತದೆ. ಟ್ಯೂಬ್‌ಲೈಟ್ ಬೇಕು. ಮುಚ್ಚಳ ಇರುವ ನೀರಿನ ಡ್ರಮ್ ಎರಡು ಬೇಕು. ಕೀಲಿ ಹಾಕುವಂಥ ಸಣ್ಣ ಟ್ರಂಕ್ ಸಿಕ್ಕರೆ ದಯವಿಟ್ಟು ಯಾರಿಗೂ ಕೊಡಬೇಡಿ, ನಮಗೇ ತೆಗೆದಿಡಿ. ತಂದೆ ತಾಯಿ ಬಿಟ್ಟು ಹೋಗುವಾಗ ಕೊಟ್ಟ ಬಟ್ಟೆ, ನಾಕು ಪೈಸೆ ಇಟ್ಟುಕೊಳ್ಳಲು ಮಕ್ಕಳಿಗೆ ಅವರದೇ ಒಂದು ಜಾಗ ಬೇಕಾಗುತ್ತದೆ. ಮುಖ್ಯ ಗುರುಗಳ ಜೊತೆ ಮಾತಾಡಿದ್ದೇನೆ, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಸಭೆಯಲ್ಲಿ ಒಂದು ಪತ್ರ ಮಾಡಿಕೊಡುತ್ತಾರೆ. ದಸರಾ ರಜೆ ಮುಗಿದ ವಾರ ತಂದರೆ ಸಾಕು. ಕಾಗಿಣಾ ತುಂಬಿದ್ದರೆ ನಮ್ಮ ಕಡೆಯ ಸೇತುವೆ ಮೇಲೆ ನೀರು ಬರುತ್ತದೆ, ಹೊರಡುವ ಮುಂಚೆ ನನಗೆ ಫೋನ್ ಮಾಡಿ.